ಜಾಲಿಕಟ್ಟಿಯ ಉರ್ಫ್ ಪೋಸ್ಟು

ಜಾಲಿಕಟ್ಟಿಯಲ್ಲಿ ಬಸ್ಸಿನಿಂದ ಇಳಿದು ಅಂಚೆ ಕಚೇರಿ ಎಲ್ಲಿ ಎಂದು ಕೇಳಿದರೆ ಜನ ಒಂದು ಗಳಿಗೆ ಯೋಚಿಸುತ್ತಾರೆ. ಉರ್ಫ್ ಪೋಸ್ಟು ಎಲ್ಲಿ ಎಂದು ಕೇಳಿದರೆ ಮೂರು ಜನ ಒಟ್ಟಿಗೆ ಕೈ ತೋರಿಸುತ್ತಾರೆ. ಕೆರೆಯ ಏರಿಯ ಕೆಳಗೆ, ಎರಡು ಬೇವಿನ ಮರಗಳ ನಡುವೆ ಇರುವ ಹೆಂಚಿನ ಕಟ್ಟಡ ಅದು. ಬಾಗಿಲ ಪಕ್ಕದ ಗೋಡೆಯಲ್ಲಿ, ಕೈಗೆಟಕುವ ಎತ್ತರಕ್ಕೆ, ಒಂದು ಕಲ್ಲಿನ ಫಲಕ ಕೂರಿಸಿದ್ದಾರೆ. ಅದರ ಮೇಲಿನ ಸಾಲು ಸೂರಿನ ನೀರು ಬಿದ್ದು ಬಿದ್ದು ಅಳಿಸಿದೆ, ಕೆಳಗಿನ ಸಾಲೂ ಸವೆದಿದೆ. ನಡುವೆ ‘ಉರ್ಫ್’ ಎಂಬ ಒಂದೇ ಮಾತು ನಿನ್ನೆ ಕೊರೆದಂತೆ ನಿಂತಿದೆ. ಇದು ಯಾವನೋ ಪರದೇಶದ ದೊರೆಯ ಹೆಸರಿರಬೇಕೆಂದು ಟಿಪ್ಪಣಿ ಬರೆದುಕೊಂಡು ಹೋದ ವಿದ್ವಾಂಸರೂ ಉಂಟು. ಬರೆದುಕೊಳ್ಳಲಿ ಪಾಪ. ಆ ಮಾತನ್ನು ಅಲ್ಲಿಗೆ ತಂದವಳು ಕೌದಿ ಹೊಲಿದು ಬದುಕುತ್ತಿದ್ದ ಬಾಳವ್ವ.

ಹಿಂದೆ ಒಮ್ಮೆ, ಈ ಸೀಮೆಯೆಲ್ಲ ಸಿರಿಗಟ್ಟಿ ಸಂಸ್ಥಾನಕ್ಕೆ ಸೇರಿದ್ದಾಗ, ಬಾಳವ್ವನ ತಮ್ಮ ಯಮನಪ್ಪ ರೈಲು ಹಳಿ ಹಾಸುವ ತಂಡ ಸೇರಿ ಊರು ಬಿಟ್ಟನಂತೆ. ತಾಯಿಯಿಲ್ಲದ ಅವನನ್ನು ಸಾಕಿದವಳು ಅವಳೇ. ಹೊರಡುವ ಮುಂಚೆ ಸಾಲಿ ಮಾಸ್ತರನನ್ನು ಕಾಡಿ ಬೇಡಿ ಅವನಿಗೆ ಎರಡು ಮಾತು ಬರೆಯಲು ಕಲಿಸಿದಳು: ಬಾಳವ್ವ, ಜಾಲಿಕಟ್ಟಿ. ಮೂರನೆಯದು ಅವನ ತಲೆಗೆ ಹತ್ತಲಿಲ್ಲ. ಎರಡು ಮೂರು ತಿಂಗಳಿಗೊಮ್ಮೆ ಒಂದು ಕಾರ್ಡು ಬರುತ್ತಿತ್ತು. ಮುಂದೆ ಆ ಎರಡು ಮಾತು, ಹಿಂದೆ ಬರೀ ಖಾಲಿ. ಕಾರ್ಡು ಬರುವಷ್ಟರಲ್ಲಿ ತಂಡ ಬೇರೆ ಊರಿಗೆ ಹೋಗಿರುತ್ತಿದ್ದರಿಂದ ಇವಳು ಉತ್ತರ ಬರೆಸುವ ದಾರಿಯೂ ಇರಲಿಲ್ಲ. ಆದರೂ ಆ ಖಾಲಿ ಬೆನ್ನನ್ನು ನೋಡಿದ ದಿನ ಅವಳಿಗೆ ಹೊಟ್ಟೆತುಂಬ ಊಟ, ಕಣ್ತುಂಬ ನಿದ್ದೆ.

ಊರಿಗೆ ಅಂಚೆ ತಂದವರು ರಾವಸಾಹೇಬ ಗುರುಸಿದ್ಧಪ್ಪ ದಂಡಿನ ಅವರು. ಸಂಸ್ಥಾನದ ಪ್ರಜಾಸಭೆಯಲ್ಲಿ ಏಳು ವರ್ಷ ಗಂಟಲು ಹರಿದುಕೊಂಡು ಮಂಜೂರು ಮಾಡಿಸಿದ್ದರು. ಆ ಉಪಕಾರಕ್ಕೆ, ಅಲ್ಲಿಯವರೆಗೆ ಜಾಲಿಕಟ್ಟಿ ಅಂಚೆ ಎಂದಿದ್ದ ಕಚೇರಿಗೆ ಅವರ ಹೆಸರನ್ನೇ ಇಡಬೇಕೆಂದು ಸಭೆಯಲ್ಲಿ ಮಸೂದೆ ಬಂತು. ಬೇಡ ಬೇಡ ಎಂದು ಅವರು ಎರಡು ಸಲ ಅಂದರು, ಮೂರನೆಯ ಸಲ ಸುಮ್ಮನಾದರು ಎನ್ನುತ್ತಾರೆ. ಹೊಸ ಹೆಸರು ಬೇಗ ಬೇರೂರಲೆಂದು ಯಾವನೋ ಅತಿಬುದ್ಧಿವಂತ ಗುಮಾಸ್ತ ಅದರಲ್ಲಿ ಒಂದು ಕಲಮು ಸೇರಿಸಿದ್ದ. ಹಳೆಯ ಹೆಸರಿಗೆ ಬಂದ ಟಪಾಲನ್ನು ಕಳಿಸಿದವರಿಗೆ ಮರಳಿಸತಕ್ಕದ್ದು. ಕಳಿಸಿದವರ ವಿಳಾಸವಿಲ್ಲದಿದ್ದರೆ ಸುಡತಕ್ಕದ್ದು. ಪೋಸ್ಟ್ ಮಾಸ್ತರ ಇದನ್ನು ಕಟ್ಟೆಯ ಮೇಲೆ ಓದಿ ಹೇಳಿದಾಗ ಬಾಳವ್ವ ಕೈಲಿದ್ದ ಕೌದಿಯನ್ನು ಅಲ್ಲೇ ಬಿಟ್ಟು ಎದ್ದಳು. ಇದ್ದ ಏಳು ಕಾರ್ಡುಗಳನ್ನು ಉಡಿಯಲ್ಲಿ ಕಟ್ಟಿಕೊಂಡು ನೇರ ರಾವಸಾಹೇಬರ ಮನೆಗೆ ನಡೆದಳು.

ಅವರು ಕಾರ್ಡುಗಳನ್ನು ಒಂದೊಂದಾಗಿ ತಿರುವಿ ನೋಡಿದರು. “ಇದರಾಗ ಏನೂ ಬರದಿಲ್ಲಲ್ಲವ್ವಾ?”

“ಅಂವಗ ಅಷ್ಟ ಬರತೈತ್ರಿ ಸಾಹೇಬ್ರ. ಖಾಲಿ ಐತಂದ್ರ ತಮ್ಮ ಆರಾಮ ಅದಾನಂತ ನಾ ಓದಕೊಂತೀನಿ. ನಿಮ್ಮ ಹೆಸರು ದೊಡ್ಡದು, ಬ್ಯಾಡನ್ನಾಕ ನಾ ಯಾರು? ಆದ್ರ ಅದನ್ನ ಅಂವಗ ಕಲಿಸೂದು ಹ್ಯಾಂಗ್ರಿ?”

ರಾವಸಾಹೇಬರಿಗೆ ಸಂಕಟವಾಯಿತು. ಫಲಕ ಆಗಲೇ ಕೊರೆದಾಗಿತ್ತು, ಬೀಗರಿಗೆಲ್ಲ ಸುದ್ದಿ ಮುಟ್ಟಿತ್ತು, ಮಸೂದೆಗೆ ರಾಜರ ಒಪ್ಪಿಗೆಯೂ ಗೊತ್ತಾದ ಮಾತಾಗಿತ್ತು. ಹೆಸರಿನ ಆಸೆ ಅವರಿಗಿತ್ತು, ಇಲ್ಲವೆಂದು ನಾವು ಯಾಕೆ ಹೇಳೋಣ? ಆದರೂ ಮರುದಿನ ಪ್ರಜಾಸಭೆಯಲ್ಲಿ ಅವರು ಎದ್ದು ನಿಂತು, ತಮ್ಮ ಹೆಸರಿನ ಮುಂದೆ ‘ಉರ್ಫ್ ಜಾಲಿಕಟ್ಟಿ’ ಎಂದು ಸೇರಿಸಬೇಕು, ಎರಡು ಹೆಸರೂ ಕಾಯಿದೆಯಲ್ಲಿ ಸಮ ಎನ್ನಬೇಕು ಎಂದು ತಿದ್ದುಪಡಿ ಮಂಡಿಸಿದರು. ಅವರ ಹಿಂದೆಯೇ ಸಿರಿಗಟ್ಟಿಗೆ ಬಂದು, ಹೊರಗೆ ಪಡಸಾಲೆಯ ಕಿಟಕಿಯ ಕೆಳಗೆ ಕುಳಿತ ಬಾಳವ್ವನಿಗೆ ಒಳಗಿನ ನಗು ಕೇಳಿಸಿತು. “ಉರ್ಫ್ ಅನ್ನೂದು ಪೊಲೀಸರ ದಫ್ತರದಾಗ ಕಳ್ಳರ ಹೆಸರಿಗೆ ಹಚ್ಚೂ ಮಾತು, ನಿಮಗ ಒಪ್ಪೂದಿಲ್ಲ ಬಿಡ್ರಿ” ಎಂದರಂತೆ ದಿವಾನರು.

“ಕಳ್ಳರ ಸಾಲಿನ್ಯಾಗ ಕುಂಡ್ರತೀನಿ,” ಎಂದರು ರಾವಸಾಹೇಬರು. “ಆ ಹುಡುಗನ ಕಾರ್ಡು ಮನೀ ಮುಟ್ಟಲಿ.”

ನಗು ನಿಂತಿತು. ತಿದ್ದುಪಡಿ ಹಾಗೇ ಪಾಸಾಯಿತು. ಮುಗಿದ ಕೆಲಸಕ್ಕೆ ಮತ್ತೆ ಕರೆದರೆಂದು ಸಿಟ್ಟಿಗೆದ್ದ ಕಲ್ಲುಕುಟಿಗ ‘ಉರ್ಫ್’ ಎಂಬುದನ್ನು ಹಲ್ಲು ಕಚ್ಚಿ ಆಳಕ್ಕೆ ಕೊರೆದ. ‘ಜಾಲಿಕಟ್ಟಿ’ಗೆ ಬರುವಷ್ಟರಲ್ಲಿ ಸಿಟ್ಟೂ ಇಳಿದಿತ್ತು, ಕೈಯೂ ಸೋತಿತ್ತು.

ಆಮೇಲೆ ಒಂಬತ್ತು ತಿಂಗಳು ಕಾರ್ಡೇ ಬರಲಿಲ್ಲ. ಬಾಳವ್ವ ದಿನವೂ ಬಂದು, ಫಲಕದ ಕೆಳಸಾಲನ್ನು ಬೆರಳಿನಿಂದ ಸವರಿ, ಬರಿಗೈಯಲ್ಲಿ ಮರಳುತ್ತಿದ್ದಳು. ಹತ್ತನೆಯ ತಿಂಗಳು ಒಂದು ಬೆಳಗ್ಗೆ ಕಾರ್ಡು ಬಂತು. ತಮ್ಮ ಟಪಾಲಿಗೆಂದು ಬಂದಿದ್ದ ರಾವಸಾಹೇಬರು ಅದನ್ನು ಪೋಸ್ಟ್ ಮಾಸ್ತರನ ಕೈಯಿಂದ ತೆಗೆದುಕೊಂಡು, ಕನ್ನಡಕ ಏರಿಸಿ, ಖಾಲಿ ಮಗ್ಗುಲನ್ನು ಗಟ್ಟಿಯಾಗಿ ಓದಿದರು: “ಅಕ್ಕಗ ಶರಣು. ನಾ ಆರಾಮ ಅದೀನಿ.”

ಬಾಳವ್ವ ಅಳುತ್ತಲೇ ನಕ್ಕಳು. “ಶರಣು ನೀವ ಸೇರಿಸಿದ್ರಿ ಸಾಹೇಬ್ರ. ಅಂವ ಅಷ್ಟು ಉದ್ದ ಬರಿಯಾಂವಲ್ಲ.”

ಊರು ಬಿಟ್ಟು ಹೋಗುವವರು ಇಂದಿಗೂ ಆ ಕೆಳಸಾಲನ್ನು ಸವರಿಯೇ ಬಸ್ಸು ಹತ್ತುತ್ತಾರೆ. ಕೊರೆತವೇ ತೆಳುವಾಗಿದ್ದ ಆ ಅಕ್ಷರಗಳು ಸವೆದದ್ದು ಈ ಕೈಗಳಿಂದ. ಈಗ ಎಲ್ಲರ ಜೇಬಿನಲ್ಲೂ ಫೋನಿದೆ, ಆದರೂ ಹೋದ ಊರಿನಿಂದ ಒಂದು ಖಾಲಿ ಕಾರ್ಡು ಹಾಕುವ ಪದ್ಧತಿ ನಿಂತಿಲ್ಲ. ಬೆಳಗ್ಗೆ ಹತ್ತರ ಹೊತ್ತಿಗೆ ಉರ್ಫ್ ಪೋಸ್ಟಿನ ಮುಂದೆ ನಿಂತರೆ ನೀವೂ ನೋಡಬಹುದು. ಮಾಸ್ತರರು ಕಾರ್ಡು ತಿರುವಿ, ಏನೂ ಇಲ್ಲದ ಕಡೆ ಒಮ್ಮೆ ಕಣ್ಣಾಡಿಸಿ, ಬಂದವರ ಕೈಗೆ ಕೊಡುತ್ತಾರೆ. “ಶರಣು ಹೇಳ್ಯಾರ. ಆರಾಮ ಅದಾರಂತ.”