ವರ್ತಕನ ಹೆಂಡತಿಯ ಹಣೆ

"ಗುರುಗಳೇ, ಮುಖದ ಸುಕ್ಕು ತೆಗೆಸಿಕೊಳ್ಳುವುದು ತಪ್ಪೇ?" ಎಂದು ಶಿಷ್ಯ ಸೋಮಲಿಂಗ ಕೇಳಿದ. "ನನ್ನ ಅಕ್ಕ ಹಣೆಗೆ ಸೂಜಿ ಚುಚ್ಚಿಸಿಕೊಂಡು ಬಂದಿದ್ದಾಳೆ. ಈ ವಯಸ್ಸಿನಲ್ಲಿ ಇದೇನು ಹುಚ್ಚು ಎಂದು ನೆಂಟರೆದುರು ಬೇಕಾದಷ್ಟು ತಮಾಷೆ ಮಾಡಿದೆ. ಪುಣ್ಯಕ್ಕೆ ಅವಳು ಬೇಸರ ಮಾಡಿಕೊಳ್ಳಲಿಲ್ಲ."

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಬಟ್ಟೆ ವರ್ತಕನಿದ್ದ. ಅವನಿಗೆ ಕಿವಿ ಕೇಳಿಸುತ್ತಿರಲಿಲ್ಲ. ಅಂಗಡಿಯಲ್ಲಿ ಹೆಂಡತಿ ಅವನಿಗೆ ಎದುರಾಗಿ ಕೂರುತ್ತಿದ್ದಳು. ಗಿರಾಕಿಯ ಮಾತು ಸರಿಯಿಲ್ಲವೆಂದರೆ ಅವಳ ಹಣೆಯಲ್ಲಿ ನೆರಿಗೆ ಮೂಡುತ್ತಿತ್ತು. ವರ್ತಕ ಹರವಿದ ಸೀರೆಯನ್ನು ಮಡಚಿಡುತ್ತಿದ್ದ. ನೆರಿಗೆ ಮೂಡದಿದ್ದರೆ ವ್ಯಾಪಾರ ಮುಗಿಸುತ್ತಿದ್ದ. ಮನೆಯ ಮಾತುಕತೆಯೂ ಹೆಚ್ಚುಕಡಿಮೆ ಹೀಗೆಯೇ ನಡೆಯುತ್ತಿತ್ತು. ಜಗಳ ಕಡಿಮೆಯಿತ್ತು ಎಂದರೆ ಆಶ್ಚರ್ಯವಿಲ್ಲ.

ವರ್ಷಗಳು ಕಳೆದಂತೆ ನೆರಿಗೆಗಳು ಹಣೆಯಲ್ಲೇ ಉಳಿದುಬಿಟ್ಟವು. ಅವು ಇನ್ನಷ್ಟು ಆಳವಾದರೆ ಬೇಡವೆಂದು ಅರ್ಥ. ಅದು ಗಂಡನಿಗೆ ಮಾತ್ರ ಗೊತ್ತಾಗುತ್ತಿತ್ತು.

ಅವರಿಗೆ ಒಬ್ಬಳೇ ಮಗಳು. ಅವಳನ್ನು ನೋಡಲು ಬಂದವರು ಮೊದಲು ತಾಯಿಯ ಮುಖ ನೋಡಿದರು. "ನಾಳೆ ಹುಡುಗಿಯೂ ಹೀಗೇ ಆಗುತ್ತಾಳೆ" ಎಂದು ತಮ್ಮತಮ್ಮಲ್ಲೇ ಹೇಳಿಕೊಂಡು ಎದ್ದುಹೋದರು. ತಾಯಿಗೆ ಅದು ಕೇಳಿಸಿತು. ಬಹಳ ನೋವಾಯಿತು. ಪಟ್ಟಣದ ಚರ್ಮವೈದ್ಯರ ಬಳಿಗೆ ಹೋಗಿ ಹಣೆಗೆ ಸೂಜಿ ಹಾಕಿಸಿಕೊಂಡಳು. ಕೆಲವೇ ದಿನಗಳಲ್ಲಿ ಹಣೆ ನುಣುಪಾಯಿತು. ಕನ್ನಡಿ ನೋಡಿ ಅವಳು ಹಿಗ್ಗಿದಳು. ಗಂಡನೂ ಹಿಗ್ಗಿದ.

ಮುಂದಿನ ಸಲ ಬಂದವರಿಗೆ ತಾಯಿಯೂ ಒಪ್ಪಿಗೆಯಾದಳು, ಮಗಳೂ ಒಪ್ಪಿಗೆಯಾದಳು. ವೀಳ್ಯದ ತಟ್ಟೆ ಮುಂದಿಡುತ್ತ ಹುಡುಗನ ತಾಯಿ ಹೇಳಿದಳು: "ಒಂದೇ ಮಾತು. ಮದುವೆಯಾದ ಮೇಲೆ ಹುಡುಗಿ ತವರಿನ ಕಡೆ ತಲೆ ಹಾಕಬಾರದು. ಕಿವುಡರ ಮನೆಯ ಜೊತೆ ಬಳಕೆ ಎಂದರೆ ನಮ್ಮ ಮರ್ಯಾದೆಗೆ ಕಡಿಮೆ."

ವರ್ತಕ ರೂಢಿಯಂತೆ ಹೆಂಡತಿಯ ಹಣೆ ನೋಡಿದ. ಅವಳು ತನ್ನ ಶಕ್ತಿಯನ್ನೆಲ್ಲ ಹಾಕಿ ಹುಬ್ಬು ಗಂಟಿಕ್ಕಿದಳು, ಗಂಟಿಕ್ಕಿದೆನೆಂದೇ ತಿಳಿದಳು. ಔಷಧ ಹಿಡಿದಿಟ್ಟ ಹಣೆ ಅಲುಗಲೇ ಇಲ್ಲ; ತನ್ನ ಹಣೆ ತನಗೆ ಕಾಣುವುದಿಲ್ಲವಲ್ಲ. ಅವಳು ಗಾಬರಿಯಿಂದ ಎದ್ದು ಬರುವಷ್ಟರಲ್ಲಿ ವೀಳ್ಯ ಅವನ ಕೈಯಲ್ಲಿತ್ತು. ವೀಳ್ಯ ಹಿಡಿದ ಮೇಲೆ ಮಾತು ತಪ್ಪುವ ಮನೆತನ ಅವರದಲ್ಲ.

ರಾತ್ರಿ ಹೆಂಡತಿ ಎಲ್ಲವನ್ನೂ ಕೈಸನ್ನೆಯಲ್ಲಿ ತಿಳಿಸಿದಳು. ವರ್ತಕ ತಲೆಯ ಮೇಲೆ ಕೈಹೊತ್ತು ಕುಳಿತ. "ನಿನ್ನ ಹಣೆ ನೋಡಿಯೇ ಹಿಡಿದೆನಲ್ಲೇ! ನಿನಗೆ ಇಷ್ಟು ಒಪ್ಪಿಗೆಯಾದ ಮನೆ ಬೇರೆ ಸಿಗಲಾರದು ಅಂದುಕೊಂಡೆ" ಎಂದ.

ಮಗಳು ಹೋದಳು. ತಿರುಗಿ ಬರಲಿಲ್ಲ. ಕೆಲವು ತಿಂಗಳಲ್ಲಿ ಔಷಧದ ಬಲ ಇಳಿಯಿತು, ನೆರಿಗೆಗಳು ಮರಳಿ ಬಂದವು. ಅಲ್ಲಿಂದ ಮುಂದೆ ವರ್ತಕ ದಿನವೂ ಹೆಂಡತಿಯ ದುಃಖವನ್ನು ನೋಡುತ್ತ ಅಂಗಡಿಯಲ್ಲಿ ಕೂರಬೇಕಾಯಿತು.

ಕತೆ ಮುಗಿಯಿತು. ಸೋಮಲಿಂಗ, "ಹಾಗಾದರೆ ಅಕ್ಕ ಮಾಡಿದ್ದು ತಪ್ಪೆಂದೇ ಆಯಿತಲ್ಲ, ಗುರುಗಳೇ?" ಎಂದ.

ಗುರುಗಳು ಕೇಳಿದರು: "ಅವಳು ಬೇಸರ ಮಾಡಿಕೊಳ್ಳಲಿಲ್ಲ ಎಂದೆಯಲ್ಲ, ಅದನ್ನು ಏನು ನೋಡಿ ತಿಳಿದುಕೊಂಡೆ?"

ಸೋಮಲಿಂಗ ಅಕ್ಕನನ್ನು ಕಾಣಲು ಎದ್ದು ಹೊರಟ.