ಬೆನ್ನಿಗೆ ಮಣ್ಣು ತಾಗದ ಉಸ್ತಾದ

"ಇದಕ್ಕಿಂತ ಕಠಿಣವಾದ ವ್ರತ ಯಾವುದಾದರೂ ಇದೆಯೇ ಬುದ್ಧಿ?"

ಕೇಳಿದವನು ಚನ್ನಮಲ್ಲ. ಅವನ ತಮ್ಮನಿಗೆ ಮೈಯ ಸ್ನಾಯುಗಳೆಲ್ಲ ದಿನೇ ದಿನೇ ಸೊರಗುವ ಕಾಯಿಲೆ. ತಮ್ಮ ಗುಣವಾಗಲೆಂದು ಅವನು ಮನೆ ಬಿಟ್ಟು ಮಠಕ್ಕೆ ಬಂದು ಒಂಬತ್ತು ತಿಂಗಳಾಗಿತ್ತು. ಒಪ್ಪೊತ್ತು ಮಾಡಿದ, ಮೌನ ಹಿಡಿದ, ಲಕ್ಷ ಜಪ ಮುಗಿಸಿದ. ಊರಿನಿಂದ ಒಳ್ಳೆಯ ಸುದ್ದಿ ಬರಲಿಲ್ಲ. ಈಚೆಗೆ ಅವನು ಕೂತಲ್ಲಿ ಕೂರುತ್ತಿರಲಿಲ್ಲ. ಜಪದ ನಡುವೆಯೇ ಎದ್ದು ಅಂಗಳ ಸುತ್ತುತ್ತಿದ್ದ.

ಹೂ ಬಿಡಿಸುತ್ತಿದ್ದ ಗುರುಗಳು ಬುಟ್ಟಿ ಕೆಳಗಿಟ್ಟರು. "ಮೊದಲು ಕೂತುಕೊ. ಒಂದು ಕತೆ ಕೇಳು, ವ್ರತದ ಮಾತು ಆಮೇಲೆ" ಎಂದು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಉಸ್ತಾದನಿದ್ದ. ಗರಡಿಯಲ್ಲಿ ಹುಡುಗರಿಗೆ ಕುಸ್ತಿ ಕಲಿಸುವುದು ಅವನ ಕೆಲಸ. ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿತೆಂದರೆ ಚಿತ್, ಅಲ್ಲಿಗೆ ಸೋಲು. ಇಪ್ಪತ್ತು ವರ್ಷ ಆಡಿದರೂ ಉಸ್ತಾದನ ಬೆನ್ನಿಗೆ ಒಮ್ಮೆಯೂ ಮಣ್ಣು ತಾಗಿರಲಿಲ್ಲ. ಅವನ ಗರಡಿಯಲ್ಲೊಂದು ಕಟ್ಟಳೆಯಿತ್ತು. ಬಿದ್ದವನನ್ನು ಯಾರೂ ಎತ್ತಬಾರದು, ಅವನೇ ಏಳಬೇಕು.

ಅವನಿಗೊಬ್ಬ ಮಗ. ಐದು ವರ್ಷಕ್ಕೇ ಆ ಹುಡುಗನ ಮೀನಖಂಡಗಳು ದಪ್ಪಗೆ, ಗಟ್ಟಿಯಾಗಿದ್ದವು. ಉಸ್ತಾದ ಬಂದವರಿಗೆಲ್ಲ ಮುಟ್ಟಿಸಿ ತೋರಿಸುತ್ತಿದ್ದ. ಬೆಳೆಯುವ ಸಿರಿ ಮೊಳಕೆಯಲ್ಲೇ ಕಾಣುತ್ತದೆ ಎಂದು ಬೀಗುತ್ತಿದ್ದ. ಆ ಕಾಲು ದಪ್ಪಗಾದದ್ದು ಬಲದಿಂದಲ್ಲ, ಕಾಯಿಲೆಯಿಂದ. ಅದು ಅವನಿಗೇನು ಗೊತ್ತು? ಹುಡುಗ ಓಡುವಾಗ ಮುಗ್ಗರಿಸುತ್ತಿದ್ದ. ನೆಲದಿಂದ ಏಳಬೇಕಾದರೆ ಮಂಡಿಗೆ ಕೈಯೂರಿ, ತೊಡೆ ಹಿಡಿದು, ತನ್ನ ಮೈಯನ್ನೇ ಏಣಿ ಮಾಡಿಕೊಂಡು ಹತ್ತುತ್ತಿದ್ದ. ಉಸ್ತಾದ ಅದನ್ನು ಸೋಮಾರಿತನವೆಂದುಕೊಂಡ. ದಿನಕ್ಕೆ ಐವತ್ತು ಬಸ್ಕಿ ಹೊಡೆಸಿದ. ಗರಡಿಯ ಕಟ್ಟಳೆಯನ್ನು ಮನೆಗೂ ತಂದ. ಇವನು ಬಿದ್ದರೆ ಯಾರೂ ಎತ್ತಕೂಡದು, ತಾನೇ ಎದ್ದರೆ ಬಲ ಬರುತ್ತದೆ ಎಂದು ಹೆಂಡತಿಗೂ ಮಗಳಿಗೂ ತಾಕೀತು ಮಾಡಿದ.

ಹುಡುಗನಿಗೆ ಎಂಟಾದಾಗ ಒಬ್ಬ ವೈದ್ಯ ನಿಜ ಹೇಳಿದ. ಇದನ್ನು ಗುಣಪಡಿಸುವ ಮದ್ದಿಲ್ಲ. ಮೊದಲು ಕಾಲು ಸೋಲುತ್ತದೆ, ಆಮೇಲೆ ಕೈ. ಬಸ್ಕಿ ಹೊಡೆಸಿದರೆ ಇನ್ನೂ ಬೇಗ.

ಆ ಮನೆಯ ನೆಮ್ಮದಿ ಅಂದೇ ಹಾರಿಹೋಯಿತು. ನೋಡಲು ಬಂದ ಉಸ್ತಾದನ ಅಕ್ಕ, ಹುಡುಗನ ತಾಯಿಯ ತಮ್ಮನೊಬ್ಬ ಹೀಗೆಯೇ ಹಾಸಿಗೆ ಹಿಡಿದು ತೀರಿಕೊಂಡದ್ದನ್ನು ಎತ್ತಿ ಆಡಿದಳು. ತಾಯಿ ತನ್ನ ರಕ್ತದಲ್ಲೇ ಪಾಪವಿದೆಯೆಂದು ನಂಬಿ ಹರಕೆಯ ಮೇಲೆ ಹರಕೆ ಹೊತ್ತಳು. ಮಗಳಿಗೆ ಹತ್ತು ವರ್ಷ. ಅವಳ ತಲೆ ಬಾಚಿ ಎಷ್ಟು ದಿನವಾಯಿತೆಂದು ನೋಡುವವರೇ ಇರಲಿಲ್ಲ.

ಉಸ್ತಾದನೋ ಕಾಲಿಗೆ ಚಕ್ರ ಕಟ್ಟಿಕೊಂಡ. ಗರಡಿಗೆ ಬೀಗ ಬಿತ್ತು. ಒಂದೂರಿನಲ್ಲಿ ಬೇರು ಕೊಡುತ್ತಾರಂತೆ, ಇನ್ನೊಂದೂರಿನಲ್ಲಿ ಎಣ್ಣೆ ತಿಕ್ಕುತ್ತಾರಂತೆ. ಯಾರು ಏನೆಂದರೂ ಅವನು ಹೊರಟ. ಮನೆಗೆ ಬಂದವನು ಒಂದು ಚೊಂಬು ನೀರು ಕುಡಿದು ಮತ್ತೆ ಚಪ್ಪಲಿ ಮೆಟ್ಟುತ್ತಿದ್ದ. ಬಸ್ಕಿ ಹೊಡೆಸಿದ ನೆನಪು ಅವನನ್ನು ಬಿಡುತ್ತಿರಲಿಲ್ಲ. ಮನೆಯಲ್ಲಿ ಕೂತರೆ ಮಗ ತೊಡೆ ಹಿಡಿದು ಏಳುವುದು ಕಣ್ಣಿಗೆ ಬೀಳುತ್ತದೆ. ದಾರಿಯಲ್ಲಿ ಅದು ಬೀಳುವುದಿಲ್ಲ. ಊರವರು ಮಾತ್ರ ತಂದೆಯೆಂದರೆ ಹೀಗಿರಬೇಕು ಎಂದು ಹೊಗಳಿದರು. ಊರವರಿಗೇನು, ಸವೆದ ಚಪ್ಪಲಿ ಕಂಡರೆ ಸಾಕು. ಬಸ್ಕಿಯನ್ನೇನೋ ಅವನು ನಿಲ್ಲಿಸಿದ್ದ. ಆದರೆ ಆ ಓಡಾಟದಲ್ಲಿ, ಬಿದ್ದರೆ ಎತ್ತಕೂಡದೆಂಬ ಮಾತನ್ನು ಹಿಂತೆಗೆದುಕೊಳ್ಳಲು ಮರೆತ.

ಹೀಗೇ ಎರಡು ವರ್ಷ ಕಳೆದ ಮೇಲೆ ಒಂದು ದಿನ ಅವನು ಎಂಟು ದಿನದ ತಿರುಗಾಟ ಮುಗಿಸಿ ನಡುಮಧ್ಯಾಹ್ನ ಊರಿಗೆ ಬಂದ. ಹೆಂಡತಿ ಹರಕೆ ತೀರಿಸಲು ನಸುಕಿನಲ್ಲೇ ಬೆಟ್ಟಕ್ಕೆ ಹೋಗಿದ್ದಳು. ಅಂಗಳದಲ್ಲಿ ಮಕ್ಕಳಿಬ್ಬರೂ ಬಿಸಿಲಿನಲ್ಲಿ ಅಂಗಾತ ಮಲಗಿದ್ದರು. ಉಸ್ತಾದನ ಜೀವ ಹಾರಿತು. ಓಡಿಬಂದ.

"ಯಾಕವ್ವಾ ಹಿಂಗ್ ಮಲಗಿದ್ದೀರಿ? ಏನಾಯ್ತು?"

"ತಮ್ಮ ಬೆಳಿಗ್ಗೆನೇ ಬಿದ್ದ, ಏಳಕ್ಕಾಗ್ಲಿಲ್ಲ" ಎಂದಳು ಮಗಳು. "ಎತ್ತಬಾರ್ದು ಅಂತ ನೀನೇ ಹೇಳಿದ್ಯಲ್ಲಪ್ಪ. ಅವ್ನೊಬ್ನೇ ಯಾಕೆ ಅಂತ ನಾನೂ ಮಲಗ್ದೆ."

ಹುಡುಗ ತಂದೆಯ ಕೈಚೀಲವನ್ನೇ ನೋಡುತ್ತಿದ್ದ. "ಅಪ್ಪಾ, ಔಷಧಿ ಸಿಕ್ತಾ?"

"ಇಲ್ಲ ಮಗ."

ಹುಡುಗನ ಮುಖ ಅರಳಿತು. "ಹಂಗಾದ್ರೆ ಇನ್ಮೇಲೆ ಮನೇಲೇ ಇರ್ತೀಯಾ?"

ಉಸ್ತಾದ ನಿಂತೇ ಇದ್ದ. ಅವನ ಕಾಲುಗಳು ಆಗಲೂ ಎಲ್ಲಿಗಾದರೂ ಹೊರಡಬೇಕೆಂದು ತುಡಿಯುತ್ತಿದ್ದವು. ಹೊರಡಲು ಯಾವ ಊರೂ ಉಳಿದಿರಲಿಲ್ಲವೆಂದಲ್ಲ, ಬೇಕಾದಷ್ಟಿದ್ದವು. ಅವನು ಚೀಲ ಕೆಳಗಿಟ್ಟ. ಚಪ್ಪಲಿ ಬಿಟ್ಟ. ಮಕ್ಕಳಿಬ್ಬರ ನಡುವೆ ಕೂತು, ಮೆಲ್ಲಗೆ ಬೆನ್ನನ್ನು ಮಣ್ಣಿಗೆ ಕೊಟ್ಟು ಮಲಗಿದ.

"ಅಕ್ಕಾ, ಅಪ್ಪ ಚಿತ್!" ಎಂದು ಹುಡುಗ ಕೂಗಿ ನಕ್ಕ. ಉಸ್ತಾದನಿಗೆ ನಗುವೂ ಬಂತು, ಅಳುವೂ ಬಂತು. ಎರಡನ್ನೂ ತಡೆಯಲಿಲ್ಲ. ಆಮೇಲೆ ಎದ್ದು ಮಗನನ್ನು ಎತ್ತಿ ನೆರಳಿನಲ್ಲಿ ಕೂರಿಸಿದ. ಮಗಳನ್ನು ಮುಂದೆ ಕೂರಿಸಿಕೊಂಡು ಅವಳ ಗಂಟುಕಟ್ಟಿದ ತಲೆಗೆ ಎಣ್ಣೆ ಹಚ್ಚಿದ. ಸಂಜೆ ಹೆಂಡತಿ ಕುಂಟುತ್ತ ಬೆಟ್ಟದಿಂದ ಬಂದಾಗ, ಇದರಲ್ಲಿ ನಿನ್ನ ತಪ್ಪೇನೂ ಇಲ್ಲ ಎಂದ. ಆ ಒಂದು ಮಾತಿಗೆ ಅವಳು ಎರಡು ವರ್ಷ ಕಾದಿದ್ದಳು.

ಗುರುಗಳು ಕತೆ ನಿಲ್ಲಿಸಿ ಮತ್ತೆ ಹೂಬುಟ್ಟಿಗೆ ಕೈ ಹಾಕಿದರು.

ಚನ್ನಮಲ್ಲನಿಗೆ ತಡೆಯಲಾಗಲಿಲ್ಲ. ಜಪಮಣಿಗಳನ್ನು ಸರಸರನೆ ಉರುಳಿಸುತ್ತಲೇ ಕೇಳಿದ. "ಹುಡುಗ ಗುಣವಾದನೇ ಬುದ್ಧಿ? ಮದ್ದು ಹುಡುಕಿದ್ದೇ ತಪ್ಪೇ?"

"ಗುಣವಾಗಲಿಲ್ಲ. ಹುಡುಕಿದ್ದೂ ತಪ್ಪಲ್ಲ."

"ಹಾಗಾದರೆ ನಾನು ಮಾಡಬೇಕಾದ ವ್ರತ?"

ಗುರುಗಳು ತಲೆಯೆತ್ತಿ ಅವನನ್ನು ನೋಡಿದರು. "ಇವತ್ತು ನಿನ್ನ ತಮ್ಮ ಬಿದ್ದರೆ, ಅವನ ಪಕ್ಕದಲ್ಲಿ ಮಲಗುವುದಕ್ಕೆ ಯಾರಿದ್ದಾರೆ?"

ಚನ್ನಮಲ್ಲನ ಕೈಯಲ್ಲಿ ಮಣಿಗಳು ನಿಂತವು.