ಸುಣ್ಣ ಮಾರುವವಳ ಚಿತ್ರ

"ಗುರುಗಳೇ, ಜನ ನಾಲ್ವರ ಮುಂದೆ ಬರುವಾಗ ಅಲಂಕರಿಸಿಕೊಂಡೇ ಬರುತ್ತಾರೆ. ಅವರ ನಿಜವಾದ ರೂಪವನ್ನು ಕಾಣುವುದು ಹೇಗೆ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು:

ಒಂದು ಊರಿನಲ್ಲಿ ಒಬ್ಬ ಚಿತ್ರಕಾರನಿದ್ದ. ಜನ ಉಡುವ ತೊಡುವ ರೀತಿಯನ್ನು ನೋಡುವುದೆಂದರೆ ಅವನಿಗೆ ಎಲ್ಲಿಲ್ಲದ ಆಸೆ. ಪೇಟ ಸುತ್ತಿದ ಬಗೆ, ಸೆರಗು ಹೊದ್ದ ಬಗೆ ಕಂಡರೆ ಸಾಕು, ಅವರು ಎಂಥವರೆಂದು ಹೇಳಿಬಿಡುತ್ತಿದ್ದ. ಊರಿನ ಸಿರಿವಂತರು ಒಳ್ಳೆಯ ಬಟ್ಟೆ ಉಟ್ಟು ಬಂದು ಅವನೆದುರು ಕೂರುತ್ತಿದ್ದರು. ಅವನು ಬರೆದುಕೊಡುತ್ತಿದ್ದ. ಹಲವು ವರ್ಷಗಳ ಮೇಲೆ ಅವನಿಗೆ ಬೇಸರ ಬಂತು. ಇವರು ತೋರಿಸಿದ್ದನ್ನಷ್ಟೇ ಬರೆಯುತ್ತಿದ್ದೇನೆ, ತೋರಿಸದೆ ಇರುವುದನ್ನು ಬರೆಯಬೇಕು ಎಂದುಕೊಂಡ.

ಒಂದು ಮಧ್ಯಾಹ್ನ ಸುಣ್ಣ ಮಾರುವ ಹೆಂಗಸೊಬ್ಬಳು ಎದುರಿನ ಗೋಡೆಯ ನೆರಳಿನಲ್ಲಿ ಬುಟ್ಟಿ ಇಳಿಸಿ, ಕುಳಿತಲ್ಲೇ ನಿದ್ದೆಹೋದಳು. ಕೂದಲು ಕೆದರಿತ್ತು. ಸೆರಗು ಜಾರಿತ್ತು. ಬಾಯಿ ತೆರೆದಿತ್ತು. ಚಿತ್ರಕಾರ ಕಿಟಕಿಯಲ್ಲಿ ನಿಂತು ಅವಳನ್ನು ಬರೆದ.

ಆ ಚಿತ್ರವನ್ನು ಊರಿನ ಚಾವಡಿಯಲ್ಲಿ ತೂಗುಹಾಕಿದರು. ನೋಡಿದವರು ಇದೇ ನಿಜ, ಉಳಿದದ್ದೆಲ್ಲ ವೇಷ ಎಂದರು. ಚಿತ್ರಕಾರನ ಹೆಸರು ಅರಮನೆಯವರೆಗೆ ಮುಟ್ಟಿತು.

ಹದಿನೈದು ದಿನಗಳ ಮೇಲೆ ಆ ಹೆಂಗಸು ಅವನ ಬಾಗಿಲಿಗೆ ಬಂದಳು.

"ಕಂಡವರೆಲ್ಲ ನನ್ನೆದುರು ಬಾಯಿ ತೆರೆದು ಅಣಕಿಸುತ್ತಾರೆ. ಮಗಳು ನನ್ನ ಜೊತೆ ಬೀದಿಗೆ ಬರುವುದಿಲ್ಲ."

"ನಾನು ಇದ್ದದ್ದನ್ನೇ ಬರೆದೆ" ಎಂದ ಚಿತ್ರಕಾರ.

"ಸಾಹುಕಾರರ ಹೆಂಡತಿಯೂ ನಿದ್ದೆ ಮಾಡುತ್ತಾಳಲ್ಲ. ಅವಳಿಗೆ ತಲೆ ಬಾಚಿಕೊಳ್ಳಲು ಬಿಟ್ಟಿರಿ. ನನ್ನನ್ನು ಎಬ್ಬಿಸಿ ಒಂದು ಮಾತು ಕೇಳಲೂ ಇಲ್ಲ" ಎಂದು ಅವಳು ಹೊರಟುಹೋದಳು.

ಚಿತ್ರಕಾರನಿಗೆ ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಚಾವಡಿಯಿಂದ ಚಿತ್ರವನ್ನು ಇಳಿಸಿ, ಅವಳ ಮನೆಗೆ ಹೋಗಿ ಅವಳ ಕೈಗೆ ಕೊಟ್ಟ. ಅವಳು ಅದರ ಮೇಲೆ ಸುಣ್ಣ ಬಳಿದಳು. ಇನ್ನೊಂದು ಬರೆಯಲೇ ಎಂದು ಅವನು ಕೇಳಿದ. ಮರುದಿನ ಅವಳು ತಲೆಗೆ ಎಣ್ಣೆ ಹಚ್ಚಿ, ಮಗಳ ಮದುವೆಗೆಂದು ಎತ್ತಿಟ್ಟಿದ್ದ ಸೀರೆಯುಟ್ಟು ಬಂದು ಕುಳಿತಳು. ಅವನು ಹಾಗೆಯೇ ಬರೆದ.

ಹೊಸ ಚಿತ್ರ ನೋಡಿದವರು ಅವನ ಕೈ ಕೆಟ್ಟಿತು ಎಂದರು. ಅರಮನೆಯಿಂದ ಕರೆ ಬರಲಿಲ್ಲ. ಆ ಹೆಂಗಸು ಮಾತ್ರ ಮಗಳನ್ನು ಕರೆತಂದು ತೋರಿಸಿದಳು. ಇಬ್ಬರೂ ಬಹಳ ಹೊತ್ತು ನಿಂತು ನೋಡಿದರು.

ಗುರುಗಳು ಕತೆ ಮುಗಿಸಿದರು. ಶಿಷ್ಯ, "ಆದರೂ ನಿಜವಾದ ಚಿತ್ರ ಮೊದಲನೆಯದೇ ಅಲ್ಲವೇ?" ಎಂದ.

"ನೀನೂ ಅವಳನ್ನು ಕೇಳಲಿಲ್ಲ" ಎಂದರು ಗುರುಗಳು.